ಸಹಾಯಧನದ ಯಂತ್ರ, ಸಣ್ಣ ಹಿಡುವಳಿಯ ಲೆಕ್ಕ

ಕೃಷಿ ಯಂತ್ರೋಪಕರಣಗಳಿಗೆ ಸರ್ಕಾರ ನೀಡುವ ಸಹಾಯಧನದ ಚರ್ಚೆ ಸಾಮಾನ್ಯವಾಗಿ ಬೆಲೆಪಟ್ಟಿಯಿಂದ ಆರಂಭವಾಗಿ ಬೆಲೆಪಟ್ಟಿಯಲ್ಲೇ ಮುಗಿಯುತ್ತದೆ. ಪವರ್ ಟಿಲ್ಲರ್‌ಗೆ ಎಷ್ಟು ರಿಯಾಯಿತಿ, ಹನಿ ನೀರಾವರಿಗೆ ಶೇಕಡ ಎಷ್ಟು, ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂಬ ಪ್ರಶ್ನೆಗಳು ಮುಂದೆ ಬಂದು, ಕೊಂಡ ಯಂತ್ರ ವರ್ಷದಲ್ಲಿ ಎಷ್ಟು ದಿನ ದುಡಿಯುತ್ತದೆ, ಯಾರ ಹೊಲದಲ್ಲಿ ದುಡಿಯುತ್ತದೆ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಆದರೆ ಸಾರ್ವಜನಿಕ ಹಣ ಸಾರ್ಥಕವಾಯಿತೇ ಇಲ್ಲವೇ ಎಂಬುದನ್ನು ನಿರ್ಧರಿಸುವವು ಈ ಹಿಂದೆ ಸರಿದ ಪ್ರಶ್ನೆಗಳೇ. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ; ದೇಶದ ಸರಾಸರಿ ಇನ್ನೂ ಕಡಿಮೆ, 1.08 ಹೆಕ್ಟೇರ್. ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿಯಿರುವ ಅತಿ ಸಣ್ಣ ರೈತರು ಮತ್ತು ಎರಡು ಹೆಕ್ಟೇರಿನೊಳಗಿನ ಸಣ್ಣ ರೈತರು ಸೇರಿದರೆ ದೇಶದ ಒಟ್ಟು ಹಿಡುವಳಿದಾರರಲ್ಲಿ ಶೇ 86ರಷ್ಟಾಗುತ್ತಾರೆ. ಇಷ್ಟು ಸಣ್ಣ ಹೊಲಗಳ ನಾಡಿನಲ್ಲಿ ಯಂತ್ರದ ಒಡೆತನಕ್ಕೆ ಕೊಡುವ ಹಣ ಮತ್ತು ಯಂತ್ರದ ಕೆಲಸಕ್ಕೆ ಕೊಡುವ ಹಣ ಒಂದೇ ಫಲವನ್ನು ಕೊಡುವುದಿಲ್ಲ. ಸಹಾಯಧನದ ನೀತಿಯನ್ನು ಅಳೆಯಬೇಕಾದದ್ದು ಈ ಭೇದದ ಮೇಲೆ.

ತಕಾವಿಯಿಂದ ಸಹಾಯಧನಕ್ಕೆ

ರೈತನ ಉಪಕರಣಕ್ಕೆ ಸರ್ಕಾರ ಹಣ ಕೊಡುವ ಪದ್ಧತಿ ಹೊಸದಲ್ಲ. ಬ್ರಿಟಿಷ್ ಆಡಳಿತ 1883ರಲ್ಲಿ ಭೂ ಸುಧಾರಣಾ ಸಾಲಗಳ ಕಾಯ್ದೆಯನ್ನೂ 1884ರಲ್ಲಿ ಕೃಷಿಕರ ಸಾಲಗಳ ಕಾಯ್ದೆಯನ್ನೂ ತಂದು, ಬಾವಿ ತೋಡಲು, ಎತ್ತು ಕೊಳ್ಳಲು, ಬಿತ್ತನೆ ಬೀಜ ತರಲು ರೈತರಿಗೆ ಮುಂಗಡ ನೀಡುವ ವ್ಯವಸ್ಥೆ ಮಾಡಿತು. ತಕಾವಿ ಎಂದು ಜನರ ಬಾಯಲ್ಲಿ ಉಳಿದ ಈ ಹಣ ಸಾಲವೇ ಹೊರತು ಕೊಡುಗೆಯಲ್ಲ. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆಯೇ ವಸೂಲಾಗುತ್ತಿತ್ತು. ಇಂದಿನ ಸಹಾಯಧನ ಸ್ವರೂಪದಲ್ಲೇ ಬೇರೆ: ಅದು ಮರಳಿಸಬೇಕಿಲ್ಲದ, ಆದರೆ ನಿರ್ದಿಷ್ಟ ವಸ್ತುವಿನ ಖರೀದಿಗೆ ಮಾತ್ರ ಷರತ್ತಿನೊಡನೆ ಸಿಗುವ ಹಣ. ಸಾಲದಲ್ಲಿ ಯಾವ ಉಪಕರಣ ಬೇಕೆಂಬ ನಿರ್ಧಾರ ಬಹುಮಟ್ಟಿಗೆ ರೈತನದಾದರೆ, ಸಹಾಯಧನದಲ್ಲಿ ಆ ನಿರ್ಧಾರದ ದೊಡ್ಡ ಪಾಲು ಯೋಜನೆಯ ಮಾರ್ಗಸೂಚಿ ಬರೆಯುವವರ ಕೈಗೆ ಹೋಗುತ್ತದೆ.

ಹೊಸ ಉಪಕರಣವನ್ನು ಹೊಲಕ್ಕೆ ತರುವುದಕ್ಕೆ ಹಣವೊಂದೇ ಸಾಲದು ಎಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನಗಳಿವೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂಬ ನಂಬಿಕೆಯಿಂದ ಅದನ್ನು ಕೊಳ್ಳುವವರೇ ಇರಲಿಲ್ಲ. ಆ ಶಂಕೆಯನ್ನು ಕರಗಿಸಿದ್ದು ರಿಯಾಯಿತಿಯಲ್ಲ, ಉಳುಮೆಯ ಫಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದದ್ದೂ ತೋಟಗಳಲ್ಲಿ ಪ್ರತ್ಯಕ್ಷವಾಗಿ ಮಾಡಿ ತೋರಿಸುವ ಮೂಲಕವೇ. ಈ ಎರಡೂ ಪ್ರಸಂಗಗಳಲ್ಲಿ ಉಪಕರಣ ಬೇರೂರಿದ್ದು ಅದರ ಪ್ರಯೋಜನ ರೈತರ ಕಣ್ಣಿಗೆ ಕಂಡ ಮೇಲೆ.

ಸ್ವಾತಂತ್ರ್ಯಾನಂತರ ಹಸಿರು ಕ್ರಾಂತಿಯ ದಶಕಗಳಲ್ಲಿ ಟ್ರ್ಯಾಕ್ಟರ್ ಹಳ್ಳಿಗಳಿಗೆ ಬಂದದ್ದು ಮುಖ್ಯವಾಗಿ ಬ್ಯಾಂಕ್ ಸಾಲದ ಮೂಲಕ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಕೃಷಿ ಸಾಲ ವಿಸ್ತರಿಸಿದರೂ, ಭೂಮಿಯನ್ನು ಅಡಮಾನವಿಡುವ ಶಕ್ತಿಯುಳ್ಳವರಿಗೇ ದೊಡ್ಡ ಯಂತ್ರ ಎಟುಕಿತು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ವಿಎಸ್‌ಟಿ ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಯಾರಿಸಿದ ಪವರ್ ಟಿಲ್ಲರ್, ಅಂದರೆ ಚಾಲಕ ಹಿಂದೆ ನಡೆಯುತ್ತ ಹಿಡಿ ಹಿಡಿದು ನಡೆಸುವ ಎರಡು ಗಾಲಿಯ ಉಳುಮೆ ಯಂತ್ರ, ಗದ್ದೆಯ ಸಣ್ಣ ಮಡಿಗಳಿಗೆ ಒಗ್ಗುವಂಥದಾಗಿತ್ತು. ಯಂತ್ರದ ಗಾತ್ರ ಹೊಲದ ಗಾತ್ರಕ್ಕೆ ಹೊಂದಬೇಕೆಂಬ ವಿವೇಕ ಅಂದಿನಿಂದಲೂ ಇದ್ದಿತಾದರೂ, ಅದು ಸರ್ಕಾರದ ನೀತಿಯಲ್ಲಿ ಸ್ಪಷ್ಟ ರೂಪ ಪಡೆದದ್ದು ತಡವಾಗಿ.

ಹಣ ಹರಿಯುವ ಬಗೆ

ಇಂದಿನ ವ್ಯವಸ್ಥೆಯ ಬೆನ್ನೆಲುಬು 2014–15ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕೃಷಿ ಯಾಂತ್ರೀಕರಣ ಉಪ ಅಭಿಯಾನ. ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು ಸಾಮಾನ್ಯವಾಗಿ 60:40ರ ಪ್ರಮಾಣದಲ್ಲಿ ಹೊರುತ್ತವೆ. ವೈಯಕ್ತಿಕ ಖರೀದಿಗೆ ಸಣ್ಣ ಮತ್ತು ಅತಿ ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ರೈತರಿಗೆ ಶೇ 50ರವರೆಗೆ, ಉಳಿದವರಿಗೆ ಶೇ 40ರವರೆಗೆ ನೆರವು ದೊರೆಯುತ್ತದೆ. ಪ್ರತಿ ಯಂತ್ರಕ್ಕೂ ರೂಪಾಯಿಗಳಲ್ಲಿ ಒಂದು ಗರಿಷ್ಠ ಮಿತಿಯಿರುತ್ತದೆ. ಕರ್ನಾಟಕ ತನ್ನ ಪಾಲನ್ನು ಸೇರಿಸಿ ಸಾಮಾನ್ಯ ವರ್ಗಕ್ಕೆ ಶೇ 50 ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ನೀಡುತ್ತ ಬಂದಿದೆ. ಹೋಬಳಿಗೊಂದರಂತೆ ಇರುವ ರೈತ ಸಂಪರ್ಕ ಕೇಂದ್ರ ಅರ್ಜಿಯ ಬಾಗಿಲು. ಭೂಮಿ ದಾಖಲೆ, ಆಧಾರ್, ಬ್ಯಾಂಕ್ ಖಾತೆ ಮತ್ತು ಜಾತಿ ವಿವರಗಳನ್ನು ಒಂದೆಡೆ ಜೋಡಿಸುವ ‘ಫ್ರೂಟ್ಸ್’ ತಂತ್ರಾಂಶದ ಗುರುತಿನ ಸಂಖ್ಯೆ, ಜನರ ಮಾತಿನಲ್ಲಿ ಎಫ್‌ಐಡಿ, ಆ ಬಾಗಿಲಿನ ಬೀಗದ ಕೈ.

ಸಹಾಯಧನ ಪಡೆಯಬೇಕಾದ ಯಂತ್ರ ಗುಣಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮವಿದೆ. ಮಧ್ಯಪ್ರದೇಶದ ಬುದನಿ, ಹರಿಯಾಣದ ಹಿಸಾರ್, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆ ಮತ್ತು ಅಸ್ಸಾಮಿನ ಬಿಶ್ವನಾಥ್ ಚಾರಿಯಾಲಿಯಲ್ಲಿರುವ ಕೇಂದ್ರ ಸರ್ಕಾರದ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳು ಈ ಕೆಲಸದಲ್ಲಿ ಮುಖ್ಯವಾದವು. ಕಳಪೆ ಯಂತ್ರದಿಂದ ರೈತನನ್ನು ಕಾಯುವ ದೃಷ್ಟಿಯಿಂದ ಈ ನಿಯಮ ಅಗತ್ಯವಾದರೂ, ಪರೀಕ್ಷೆಯ ಖರ್ಚನ್ನೂ ಕಾಲಾವಧಿಯನ್ನೂ ಭರಿಸಲಾಗದ ಊರಿನ ಕಮ್ಮಾರ ಅಥವಾ ಸಣ್ಣ ವರ್ಕ್‌ಶಾಪಿನವನು ಸ್ಥಳೀಯ ಮಣ್ಣಿಗೆ ಹೊಂದುವಂತೆ ಮಾಡಿದ ಕೂರಿಗೆ, ಕುಂಟೆಗಳು ಸಹಾಯಧನದ ಪಟ್ಟಿಯಿಂದ ಹೊರಗುಳಿಯುವುದಕ್ಕೂ ಅದೇ ಕಾರಣವಾಗುತ್ತದೆ.

ಬೆಲೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಹಾಯಧನವನ್ನು ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ನಿಗದಿಪಡಿಸಿದಾಗ ಬೆಲೆ ಏರಿಸಿದಷ್ಟೂ ಸರ್ಕಾರದ ಪಾಲು ಏರುತ್ತದೆ. ಉದಾಹರಣೆಗೆ, 2,00,000 ರೂಪಾಯಿಯ ಯಂತ್ರಕ್ಕೆ ಮಿತಿಯಿಲ್ಲದ ಶೇ 50ರ ಸಹಾಯಧನ ಘೋಷಣೆಯಾದೊಡನೆ ಮಾರಾಟಗಾರ ಬೆಲೆಯನ್ನು 2,40,000ಕ್ಕೆ ಏರಿಸಿದರೆ, ಸರ್ಕಾರ 1,20,000 ರೂಪಾಯಿ ಕೊಡುತ್ತದೆ, ರೈತನೂ ಅಷ್ಟೇ ಕೊಡುತ್ತಾನೆ. ಸರ್ಕಾರದ ಹಣದಲ್ಲಿ ರೈತನಿಗೆ ನಿಜವಾಗಿ ದಕ್ಕಿದ್ದು 80,000, ಉಳಿದ 40,000 ಮಾರಾಟಗಾರನ ಪಾಲು. ಗರಿಷ್ಠ ಮಿತಿ, ದರ ಒಪ್ಪಂದ ಮತ್ತು ರೈತನ ಖಾತೆಗೆ ಹಣ ಹಾಕುವ ನೇರ ವರ್ಗಾವಣೆ ಈ ಸೋರಿಕೆಯನ್ನು ತಡೆಯುವ ಸಾಧನಗಳು. ಆದರೆ ನೇರ ವರ್ಗಾವಣೆಗೂ ತನ್ನದೇ ಆದ ತೊಡಕಿದೆ: ಪೂರ್ಣ ಬೆಲೆಯನ್ನು ಮೊದಲು ತೆತ್ತು ಆಮೇಲೆ ಸಹಾಯಧನಕ್ಕೆ ಕಾಯಬೇಕಾದಲ್ಲಿ, ಕೈಯಲ್ಲಿ ಹಣವಿಲ್ಲದ ರೈತ ಸಾಲ ಮಾಡುತ್ತಾನೆ, ಇಲ್ಲವೇ ಅರ್ಜಿಯನ್ನೇ ಕೈಬಿಡುತ್ತಾನೆ. ಇದಕ್ಕೆ ಹೋಲಿಸಿದರೆ ತೆರಿಗೆ ಇಳಿಕೆ ಸರಳ ಮಾರ್ಗ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್, ಹಲವು ಕೃಷಿ ಯಂತ್ರಗಳು ಮತ್ತು ಹನಿ ನೀರಾವರಿ ಸಾಧನಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದ್ದು, ಇದರ ಲಾಭಕ್ಕೆ ಅರ್ಜಿಯೂ ಬೇಡ, ದಾಖಲೆಯೂ ಬೇಡ. ಆದರೆ ದೊಡ್ಡ ರೈತ, ಸಣ್ಣ ರೈತ ಎಂಬ ಭೇದವನ್ನು ತೆರಿಗೆ ಮಾಡಲಾರದು.

ಪಹಣಿಯಲ್ಲಿ ಹೆಸರಿಲ್ಲದವರು

ಸಹಾಯಧನದ ಅರ್ಹತೆ ನಿಂತಿರುವುದು ಪಹಣಿಯ ಮೇಲೆ, ಅಂದರೆ ಭೂಮಿಯ ಹಕ್ಕು, ಸಾಗುವಳಿ ಮತ್ತು ಬೆಳೆಯ ವಿವರವಿರುವ ಕಂದಾಯ ದಾಖಲೆಯ ಮೇಲೆ. ಇಲ್ಲಿಯೇ ಮೊದಲ ಜರಡಿ ಬೀಳುತ್ತದೆ. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಗೆ ಬಂದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದರ ಜೊತೆಗೆ ಸೈನಿಕರು ಮೊದಲಾದ ಕೆಲವರನ್ನು ಬಿಟ್ಟು ಉಳಿದವರು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಉಳುವವನಿಗೆ ಭೂಮಿ ಕೊಡಿಸಿದ ಆ ಐತಿಹಾಸಿಕ ಸುಧಾರಣೆಯ ನಂತರವೂ ಗುತ್ತಿಗೆ, ಲಾವಣಿ, ಕೋರು, ಪಾಲು ಎಂಬ ಬಗೆಬಗೆಯ ಹೆಸರಿನಲ್ಲಿ ಬಾಯಿಮಾತಿನ ಒಪ್ಪಂದಗಳು ಮುಂದುವರಿದಿವೆ. ಮಾಲೀಕ ಪಟ್ಟಣ ಸೇರಿ, ಹೊಲವನ್ನು ಬೇರೊಬ್ಬ ಉಳುತ್ತಿದ್ದರೆ, ಕಾನೂನಿನ ಕಣ್ಣಿಗೆ ಆ ಒಪ್ಪಂದವೇ ಇಲ್ಲವಾದ್ದರಿಂದ ಉಳುವವನಿಗೆ ಸಹಾಯಧನದ ದಾರಿಯೂ ಇಲ್ಲ. ಯಂತ್ರದ ಅಗತ್ಯ ಹೆಚ್ಚಾಗಿರುವವನು ದಾಖಲೆಯಲ್ಲಿ ಕಾಣುವುದಿಲ್ಲ, ದಾಖಲೆಯಲ್ಲಿ ಕಾಣುವವನಿಗೆ ಯಂತ್ರದ ಅಗತ್ಯವಿಲ್ಲ.

ಎರಡನೆಯ ಜರಡಿ ಕುಟುಂಬದೊಳಗಿನದು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಅಣ್ಣತಮ್ಮಂದಿರ ಜಂಟಿ ಖಾತೆ, ಪೋಡಿಯಾಗದ ಅಂದರೆ ಅಳತೆ ಮಾಡಿ ಬೇರ್ಪಡಿಸದ ಪಾಲು, ಇವೆಲ್ಲ ಅರ್ಜಿಯನ್ನು ತಡೆಹಿಡಿಯುತ್ತವೆ. ವಾರಸುದಾರರ ಹೆಸರಿಗೆ ದಾಖಲೆ ವರ್ಗಾಯಿಸುವ ಪೌತಿ ಖಾತೆಯ ಕೆಲಸ ಕಂದಾಯ ಇಲಾಖೆಯದು, ಸಹಾಯಧನ ಕೃಷಿ ಇಲಾಖೆಯದು; ಒಂದರ ವಿಳಂಬಕ್ಕೆ ಇನ್ನೊಂದರ ಬಾಗಿಲು ಮುಚ್ಚುತ್ತದೆ. ಮಹಿಳೆಯರ ಪಾಡಂತೂ ಇನ್ನೂ ಸ್ಪಷ್ಟ. ನಾಟಿ, ಕಳೆ, ಕೊಯ್ಲುಗಳ ಬಹುಪಾಲು ದುಡಿಮೆ ಅವರದಾಗಿದ್ದರೂ, 2015–16ರ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಅವರ ಪ್ರಮಾಣ ಸುಮಾರು ಶೇ 14 ಮಾತ್ರ. ಹೀಗಿರುವಾಗ ಮಹಿಳೆಯರಿಗೆ ಹೆಚ್ಚಿನ ದರದ ಸಹಾಯಧನ ಘೋಷಿಸಿದರೂ ಅದನ್ನು ಪಡೆಯಲು ಬೇಕಾದ ಕಾಗದ ಬಹುತೇಕ ಮಹಿಳೆಯರ ಕೈಯಲ್ಲಿರುವುದಿಲ್ಲ.

ಒಡೆತನವೋ ಬಾಡಿಗೆಯೋ

ಅರ್ಹತೆಯ ತೊಡಕು ನಿವಾರಣೆಯಾದರೂ ಹಿಡುವಳಿಯ ಗಾತ್ರದ ಪ್ರಶ್ನೆ ಉಳಿಯುತ್ತದೆ. ಮೂರೂಕಾಲು ಎಕರೆಯ ರೈತನೊಬ್ಬ ಸಹಾಯಧನ ಕಳೆದು ತನ್ನ ಪಾಲಿನ 1,00,000 ರೂಪಾಯಿ ತೆತ್ತು ಟಿಲ್ಲರ್ ಕೊಂಡನೆಂದೂ, ಅದರ ಆಯುಸ್ಸು 10 ವರ್ಷವೆಂದೂ ಭಾವಿಸಿದರೆ, ವರ್ಷಕ್ಕೆ 10,000 ರೂಪಾಯಿ ಸವಕಳಿ, ಅಂದರೆ ಬಳಕೆಯಿಂದ ಮತ್ತು ಕಾಲದಿಂದ ಯಂತ್ರ ಕಳೆದುಕೊಳ್ಳುವ ಬೆಲೆ. ಸ್ವಂತ ಹೊಲದಲ್ಲಿ ಅದು ವರ್ಷಕ್ಕೆ 10 ದಿನ ದುಡಿದರೆ, ಡೀಸೆಲ್ ಮತ್ತು ರಿಪೇರಿಯನ್ನು ಬಿಟ್ಟು ದಿನಕ್ಕೆ 1,000 ರೂಪಾಯಿ ಬೀಳುತ್ತದೆ. ಸುತ್ತಲಿನ ಹೊಲಗಳಿಗೂ ಹೋಗಿ 50 ದಿನ ದುಡಿದರೆ ಅದೇ ವೆಚ್ಚ 200ಕ್ಕೆ ಇಳಿಯುತ್ತದೆ. ವರ್ಷದಲ್ಲಿ ಕೆಲವೇ ವಾರ ಬಳಕೆಗೆ ಬರುವ ಭತ್ತದ ನಾಟಿ ಯಂತ್ರ ಅಥವಾ ಕಟಾವು ಯಂತ್ರದ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. ಸಣ್ಣ ಹಿಡುವಳಿಗೆ ಯಂತ್ರ ಲಾಭದಾಯಕವಾಗುವುದು ಅದು ಹಲವರ ನಡುವೆ ತಿರುಗಿದಾಗ ಮಾತ್ರ ಎಂಬ ನಿರ್ಣಯಕ್ಕೆ ಈ ಸರಳ ಗಣಿತವೇ ಸಾಕು.

ಈ ತರ್ಕದ ಮೇಲೆ ರೂಪುಗೊಂಡದ್ದು ಬಾಡಿಗೆ ಸೇವಾ ಕೇಂದ್ರ, ಅಂದರೆ ಯಂತ್ರಗಳನ್ನು ಒಂದೆಡೆ ಇಟ್ಟುಕೊಂಡು ಗಂಟೆ ಅಥವಾ ಎಕರೆ ಲೆಕ್ಕದಲ್ಲಿ ರೈತರಿಗೆ ಕೊಡುವ ವ್ಯವಸ್ಥೆ. ಕರ್ನಾಟಕ 2014–15ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ ಯೋಜನೆ ಹೋಬಳಿ ಮಟ್ಟದಲ್ಲಿ ಇಂತಹ ಕೇಂದ್ರಗಳನ್ನು ತೆರೆದು, ಅವುಗಳ ನಿರ್ವಹಣೆಯನ್ನು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂತಹ ಸಂಸ್ಥೆಗಳಿಗೂ ಯಂತ್ರ ತಯಾರಕರಿಗೂ ವಹಿಸಿತು. ಕೇಂದ್ರದ ಯೋಜನೆಯಲ್ಲಿಯೂ ಸಹಕಾರ ಸಂಘ, ರೈತ ಉತ್ಪಾದಕ ಸಂಸ್ಥೆ ಮತ್ತು ಸ್ವಸಹಾಯ ಸಂಘಗಳ ಯಂತ್ರ ಬ್ಯಾಂಕುಗಳಿಗೆ ವೈಯಕ್ತಿಕ ಖರೀದಿಗಿಂತ ಹೆಚ್ಚಿನ, ಶೇ 80ರವರೆಗಿನ ನೆರವಿಗೆ ಅವಕಾಶವಿದೆ. ಎತ್ತು, ನೇಗಿಲು, ಆಳುಗಳನ್ನು ಮುಯ್ಯಿ ಲೆಕ್ಕದಲ್ಲಿ ಕೊಟ್ಟು ತೆಗೆದುಕೊಳ್ಳುತ್ತಿದ್ದ ಗ್ರಾಮಗಳಿಗೆ ಹಂಚಿಕೊಂಡು ದುಡಿಯುವ ಪದ್ಧತಿ ಅಪರಿಚಿತವೇನಲ್ಲ.

ಆದರೆ ಬಾಡಿಗೆಯ ದಾರಿಗೂ ಅಡೆತಡೆಗಳಿವೆ. ಮಳೆ ಬಿದ್ದ ಹದ ಎಲ್ಲರ ಹೊಲಕ್ಕೂ ಒಂದೇ ವಾರ ಬರುವುದರಿಂದ ಎಲ್ಲರಿಗೂ ಯಂತ್ರ ಒಟ್ಟಿಗೇ ಬೇಕಾಗುತ್ತದೆ. ಎರಡು ಎಕರೆಗಾಗಿ ದೂರದ ಊರಿಗೆ ಯಂತ್ರ ಕಳುಹಿಸುವುದಕ್ಕಿಂತ ಒಂದೇ ಕಡೆ ಇಪ್ಪತ್ತು ಎಕರೆ ಉಳುವುದು ನಿರ್ವಾಹಕರಿಗೆ ಅನುಕೂಲವಾದ್ದರಿಂದ, ಸರದಿಯಲ್ಲಿ ಸಣ್ಣ ರೈತ ಹಿಂದೆ ಬೀಳುವ ಅಪಾಯ ಯಾವಾಗಲೂ ಇರುತ್ತದೆ. ಪಳಗಿದ ಚಾಲಕರು, ಬಿಡಿಭಾಗಗಳು, ಹತ್ತಿರದಲ್ಲೇ ಮೆಕ್ಯಾನಿಕ್ ಇಲ್ಲದಿದ್ದರೆ ಸುಗ್ಗಿಯ ನಡುವೆ ಕೆಟ್ಟ ಯಂತ್ರ ಶೆಡ್ಡಿನಲ್ಲೇ ಉಳಿಯುತ್ತದೆ. ಸಹಾಯಧನದ ಲೆಕ್ಕ ಖರೀದಿಯ ದಿನಕ್ಕೇ ಮುಕ್ತಾಯವಾಗುವುದರಿಂದ ಈ ದುರಸ್ತಿಯ ವರ್ಷಗಳಿಗೆ ಅದರಲ್ಲಿ ಜಾಗವಿಲ್ಲ. ಮತ್ತೊಂದು ಕಡೆ, ಕೊಯ್ಲಿನ ಕಾಲಕ್ಕೆ ತಮಿಳುನಾಡು ಮುಂತಾದ ರಾಜ್ಯಗಳಿಂದ ಭತ್ತದ ಸೀಮೆಗಳಿಗೆ ಬರುವ ಖಾಸಗಿ ಕಟಾವು ಯಂತ್ರಗಳು ಊರಿಂದ ಊರಿಗೆ ಹದ ಅನುಸರಿಸಿ ಸಾಗುತ್ತ ವರ್ಷದ ಹೆಚ್ಚು ದಿನ ದುಡಿಯುತ್ತವೆ. ಯಂತ್ರವನ್ನು ಹೋಬಳಿಯ ಎಲ್ಲೆಯೊಳಗೆ ಕಟ್ಟಿಹಾಕದೆ ಚಲನಶೀಲವಾಗಿಸುವ ಈ ಪಾಠ ಸರ್ಕಾರಿ ಕೇಂದ್ರಗಳಿಗೂ ಅನ್ವಯಿಸುತ್ತದೆ.

ನೀರು ಉಳಿಸುವ ಯಂತ್ರ, ನೀರೆತ್ತುವ ಯಂತ್ರ

ಸಹಾಯಧನಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುವುದು ನೀರಾವರಿಯಲ್ಲಿ ಎದ್ದು ಕಾಣುತ್ತದೆ. ಗಿಡದ ಬುಡಕ್ಕೆ ಕೊಳವೆಯ ಮೂಲಕ ಹನಿಹನಿಯಾಗಿ ನೀರು ಕೊಡುವ ಹನಿ ನೀರಾವರಿಗೂ ತುಂತುರು ನೀರಾವರಿಗೂ ಕೇಂದ್ರದ ಮಾರ್ಗಸೂಚಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45ರ ನೆರವು ನಿಗದಿಪಡಿಸಿದ್ದರೆ, ಕರ್ನಾಟಕ ಎರಡು ಹೆಕ್ಟೇರಿನವರೆಗೆ ಅದನ್ನು ಶೇ 90ಕ್ಕೆ ಏರಿಸಿದೆ. ಇದೇ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ಮೊದಲನೆಯದು ನೀರು ಉಳಿಸಲು ಪ್ರೇರೇಪಿಸಿದರೆ, ಎರಡನೆಯದು ನೀರೆತ್ತುವ ವೆಚ್ಚವನ್ನೇ ಅಳಿಸಿಹಾಕುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳಂತಹ ಅಂತರ್ಜಲ ಬತ್ತಿದ ಜಿಲ್ಲೆಗಳಲ್ಲಿ ಹನಿ ನೀರಾವರಿಯಿಂದ ಉಳಿದ ನೀರು ಭೂಮಿಯಲ್ಲೇ ಉಳಿಯದೆ ಹೆಚ್ಚುವರಿ ಅರ್ಧ ಎಕರೆ ತರಕಾರಿಗೆ ಹರಿದರೆ, ರೈತನ ಆದಾಯ ಹೆಚ್ಚಬಹುದು, ಅಂತರ್ಜಲದ ಮಟ್ಟ ಮಾತ್ರ ಚೇತರಿಸಿಕೊಳ್ಳದು. ಸೌರ ಪಂಪ್‌ಸೆಟ್‌ಗಾಗಿ 2019ರಲ್ಲಿ ಆರಂಭವಾದ ‘ಪಿಎಂ ಕುಸುಮ್’ ಯೋಜನೆಯಲ್ಲಿ ಕೇಂದ್ರದ ಶೇ 30ಕ್ಕೆ ಕರ್ನಾಟಕ ಶೇ 50ರಷ್ಟು ಸೇರಿಸುತ್ತಿದೆ. ವಿದ್ಯುತ್ ಸರಬರಾಜಿನ ಮೇಲಿನ ಹೊರೆಯನ್ನು ಅದು ತಗ್ಗಿಸುತ್ತದೆಯಾದರೂ, ಬಿಸಿಲಿರುವಷ್ಟು ಹೊತ್ತು ಖರ್ಚಿಲ್ಲದೆ ನೀರೆತ್ತುವ ಅವಕಾಶವನ್ನೂ ಕೊಡುತ್ತದೆ.

ಇದಕ್ಕೆ ಪ್ರತಿಯಾಗಿ, ಮಳೆಯಾಶ್ರಿತ ಪ್ರದೇಶಗಳಿಗಾಗಿ 2014–15ರಲ್ಲಿ ಬಂದ ‘ಕೃಷಿ ಭಾಗ್ಯ’ ಯೋಜನೆ ಬಿಡಿ ಉಪಕರಣದ ಬದಲು ಪೂರ್ಣ ವ್ಯವಸ್ಥೆಗೆ ನೆರವು ಕೊಟ್ಟಿತು. ಹರಿದು ಹೋಗುವ ಮಳೆನೀರನ್ನು ಹಿಡಿಯುವ ಕೃಷಿ ಹೊಂಡ, ನೀರು ಇಂಗದಂತೆ ಪಾಲಿಥಿನ್ ಹೊದಿಕೆ, ಎತ್ತಲು ಪಂಪ್, ಹಾಯಿಸಲು ತುಂತುರು ಘಟಕ, ಎಲ್ಲವೂ ಒಂದೇ ಕಟ್ಟಿನಲ್ಲಿ ಸೇರಿದ್ದವು. ಕೆಲವು ವರ್ಷ ನಿಂತು 2023–24ರಲ್ಲಿ ಮರುಜೀವ ಪಡೆದಾಗ ಹೊಂಡದ ಸುತ್ತ ತಂತಿ ಬೇಲಿಯನ್ನೂ ಸೇರಿಸಲಾಯಿತು. ಮಳೆ ಕೈಕೊಟ್ಟ ವಾರದಲ್ಲಿ ರಾಗಿಗೋ ತೊಗರಿಗೋ ಒಂದು ಹದ ನೀರು ಕೊಟ್ಟು ಬೆಳೆ ಉಳಿಸುವುದು ಅದರ ಉದ್ದೇಶ. ಯಂತ್ರದ ಸಂಖ್ಯೆಗಿಂತ ಅದು ನೆರವೇರಿಸುವ ಕೆಲಸವನ್ನು ಮುಂದಿಟ್ಟುಕೊಂಡು ಯೋಜನೆ ರೂಪಿಸಬಹುದು ಎಂಬುದಕ್ಕೆ ಇದು ನಾಡಿನೊಳಗಿನದೇ ಮಾದರಿ.

ಡ್ರೋನ್ ಮತ್ತು ಮುಂದಿನ ಹಂತ

2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ 1,261 ಕೋಟಿ ರೂಪಾಯಿಯ ‘ನಮೋ ಡ್ರೋನ್ ದೀದಿ’ ಯೋಜನೆಗೆ ಒಪ್ಪಿಗೆ ನೀಡಿ, 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನ್ ಒದಗಿಸುವ ಗುರಿ ಇಟ್ಟುಕೊಂಡಿತು. ವೆಚ್ಚದ ಶೇ 80, ಗರಿಷ್ಠ 8 ಲಕ್ಷ ರೂಪಾಯಿವರೆಗೆ ಸಹಾಯಧನ ದೊರೆತು, ಉಳಿದದ್ದಕ್ಕೆ ಕೃಷಿ ಮೂಲಸೌಕರ್ಯ ನಿಧಿಯಡಿ ಬಡ್ಡಿ ರಿಯಾಯಿತಿಯ ಸಾಲ ಪಡೆಯಬಹುದು. ನೀತಿಯ ದೃಷ್ಟಿಯಿಂದ ಇದರಲ್ಲಿ ಎರಡು ಮುಖ್ಯ ಹೆಜ್ಜೆಗಳಿವೆ: ಹಣ ಹೋಗುವುದು ಒಬ್ಬ ಮಾಲೀಕನಿಗಲ್ಲ, ಸೇವೆ ಮಾರುವ ಗುಂಪಿಗೆ, ಮತ್ತು ಅದಕ್ಕೆ ಗುಂಪಿನ ಸದಸ್ಯೆಯ ಹೆಸರಿನಲ್ಲಿ ಪಹಣಿ ಇರಬೇಕಾಗಿಲ್ಲ. ಹೆಗಲ ಮೇಲೆ ಸ್ಪ್ರೇಯರ್ ಹೊತ್ತು ವಿಷದ ಮಂಜಿನೊಳಗೆ ನಡೆಯುವ ಕೆಲಸವನ್ನು ಡ್ರೋನ್ ಎಕರೆಗೆ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಆದರೆ ಬ್ಯಾಟರಿಯ ಬದಲಾವಣೆ, ದುರಸ್ತಿ, ವಿಮೆ, ಪೈಲಟ್ ತರಬೇತಿ ಮತ್ತು ವರ್ಷವಿಡೀ ಸಾಕಷ್ಟು ಎಕರೆಗಳ ಬೇಡಿಕೆ ಇವೆಲ್ಲ ಕೂಡಿಬಂದರೆ ಮಾತ್ರ ಗುಂಪಿಗೆ ಆದಾಯ ಉಳಿಯುತ್ತದೆ. ಬಯಲುಸೀಮೆಯ ತೊಗರಿ, ಹತ್ತಿ ಹೊಲಗಳಿಗೆ ಹೊಂದುವ ಸಾಧನ ಮಲೆನಾಡಿನ ಅಡಿಕೆ ತೋಟದ ದಟ್ಟ ಮರಗಳ ನಡುವೆ ಅಷ್ಟೇ ಸಲೀಸಾಗಿ ಸಾಗಲಾರದು. ಅಲ್ಲಿ ಮರವೇರುವ ಅಪಾಯ ತಪ್ಪಿಸುವ ಫೈಬರ್ ದೋಟಿಯೇ ಇಂದಿನ ಉಪಯುಕ್ತ ತಂತ್ರಜ್ಞಾನ.

ಈ ಎಲ್ಲ ಉದಾಹರಣೆಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಇಲಾಖೆಗಳ ಪ್ರಗತಿ ವರದಿಗಳು ವಿತರಿಸಿದ ಯಂತ್ರಗಳ ಸಂಖ್ಯೆಯನ್ನೂ ಖರ್ಚಾದ ಅನುದಾನವನ್ನೂ ಎಣಿಸುವ ತನಕ, ಆರ್ಥಿಕ ವರ್ಷದ ಕೊನೆಯಲ್ಲಿ ಗುರಿ ಮುಟ್ಟುವ ಆತುರವೇ ಯೋಜನೆಯ ಚಾಲಕ ಶಕ್ತಿಯಾಗಿರುತ್ತದೆ. ಅದರ ಬದಲು, ಸಹಾಯಧನ ಪಡೆದ ಯಂತ್ರ ವರ್ಷದಲ್ಲಿ ಎಷ್ಟು ಗಂಟೆ ದುಡಿಯಿತು, ಅದರಲ್ಲಿ ಎರಡು ಹೆಕ್ಟೇರಿನೊಳಗಿನ ಹೊಲಗಳ ಪಾಲು ಎಷ್ಟು, ಹದ ತಪ್ಪುವ ಮೊದಲು ಸರದಿ ಬಂದದ್ದು ಎಷ್ಟು ಜನರಿಗೆ ಎಂಬುದನ್ನು ಅಳೆದರೆ, ಹಣ ಎಲ್ಲಿ ಹೋಗಬೇಕೆಂಬುದೂ ಬದಲಾಗುತ್ತದೆ. ಆಗ ದೊಡ್ಡ ಯಂತ್ರಗಳ ವೈಯಕ್ತಿಕ ಖರೀದಿಗಿಂತ ಬಾಡಿಗೆ ಸೇವೆ, ದುರಸ್ತಿ ಕೇಂದ್ರ ಮತ್ತು ಚಾಲಕರ ತರಬೇತಿಗಳು ಮೊದಲ ಆದ್ಯತೆ ಪಡೆಯುತ್ತವೆ. ಕಳೆ ತೆಗೆಯುವ ಯಂತ್ರ, ಸ್ಪ್ರೇಯರ್‌ಗಳಂತಹ ದಿನಬಳಕೆಯ ಸಣ್ಣ ಸಾಧನಗಳಿಗೆ ಮಾತ್ರ ಒಡೆತನದ ನೆರವು ಸಾಕೆನಿಸುತ್ತದೆ. ಬಾಡಿಗೆಯ ರಿಯಾಯಿತಿಯನ್ನು ಭೂಮಿಯ ಮಾಲೀಕನ ಬದಲು ಹೊಲದಲ್ಲಿ ಬೆಳೆಯಿಟ್ಟವನ ಹೆಸರಿಗೆ ಕೊಡಲು ಅವಕಾಶ ಮಾಡಿದರೆ, ಭೂಸುಧಾರಣೆ ಉಳುವವನಿಗೆ ಕೊಟ್ಟ ಮನ್ನಣೆ ಯಂತ್ರದ ಕಾಲದಲ್ಲಿಯೂ ಮುಂದುವರಿಯುತ್ತದೆ.